ಕೊಡದೆ ಉಳಿದ ಬನ್ನಿ

ನಾನು ನಿವೃತ್ತನಾಗುವುದಕ್ಕೆ ಹಿಂದಿನ ವರ್ಷದ ಮಾತಿದು. ಆಗ ನರೇಗಲ್ಲಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಅದರ ಜೊತೆಗೆ ನಮ್ಮ ಭಾಗದ ಫುಟ್‌ಬಾಲ್ ಟೂರ್ನಮೆಂಟಿನ ಶಿಸ್ತು ನ್ಯಾಯಮಂಡಳಿಯ ಮೂವರಲ್ಲಿ ನಾನೂ ಒಬ್ಬ. ಹೆಸರು ದೊಡ್ಡದು, ಕೆಲಸ ಸಣ್ಣದು. ರೆಫರಿ ರೆಡ್ ಕಾರ್ಡ್ ತೋರಿಸಿ ಹೊರಗೆ ಹಾಕಿದ ಆಟಗಾರನಿಗೆ ಸಂಘದವರು ನಿಷೇಧ ಹೇರಿದರೆ, ಅವನು ನಮ್ಮ ಮುಂದೆ ಅಪೀಲು ಮಾಡಬಹುದು. ಎರಡೂ ಕಡೆಯವರ ಮಾತು ಕೇಳಿ, ನಿಷೇಧ ಉಳಿಯಬೇಕೋ ಹೋಗಬೇಕೋ ನಾವು ಹೇಳುತ್ತೇವೆ. ಬರುವವರು ಹೆಚ್ಚಾಗಿ ಬೈದಾಡಿದವರು, ಅಂಗಿ ಹರಿದವರು. ಚಹಾ ಮುಗಿಯುವಷ್ಟರಲ್ಲಿ ಕೇಸೂ ಮುಗಿಯುತ್ತಿತ್ತು.

ಮಹಿಬೂಬನ ಕೇಸು ಹಾಗೆ ಮುಗಿಯಲಿಲ್ಲ.

ಅವನು ಗಜೇಂದ್ರಗಡದಲ್ಲಿ ಗಾದಿ ಹೊಲಿಯುವವರ ಮಗ, ಊರ ತಂಡದ ಫಾರ್ವರ್ಡ್. ಆ ಬೇಸಿಗೆಯಲ್ಲಿ ನರಗುಂದದ ಮೈದಾನದಲ್ಲಿ ಸೆಮಿಫೈನಲ್ ನಡೆದಿತ್ತು. ಚೆಂಡಿನ ಹಿಂದೆ ಓಡಿದ ಅವನಿಗೆ ನರಗುಂದದ ಗೋಲ್‌ಕೀಪರ್ ಶಿವಾನಂದ ಅಡ್ಡ ಬಂದ. ಇಬ್ಬರೂ ಬಿದ್ದರು. ಮಹಿಬೂಬ ಎದ್ದ, ಶಿವಾನಂದ ಏಳಲಿಲ್ಲ, ಮೊಣಕಾಲು ಮುರಿದಿತ್ತು. ರೆಫರಿ ಮಹಿಬೂಬನಿಗೆ ರೆಡ್ ಕಾರ್ಡ್ ತೋರಿಸಿದರು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಮಹಿಬೂಬ ಬೇಕೆಂದೇ ಒದ್ದ ಹಾಗೆ ಕಾಣುತ್ತಿತ್ತು. ಶಿವಾನಂದ ದವಾಖಾನೆಯಲ್ಲಿರುವಾಗಲೇ ಅವನ ತಂಡ ದೂರು ಕೊಟ್ಟಿತು. ಮಹಿಬೂಬನಿಗೆ ಎರಡು ವರ್ಷ ನಿಷೇಧವಾಯಿತು. ಚಳಿಗಾಲದಲ್ಲಿ ಕ್ರೀಡಾ ಕೋಟಾದ ನೌಕರಿಗೆ ಆಯ್ಕೆಯಿತ್ತು. ವಯಸ್ಸಿನ ಪ್ರಕಾರ ಅವನಿಗೆ ಅದೇ ಕೊನೆಯ ಅವಕಾಶ. ನಿಷೇಧ ಉಳಿದರೆ ಆಟವೂ ಇಲ್ಲ, ನೌಕರಿಯೂ ಇಲ್ಲ.

ಅಪೀಲು ದಸರೆಯ ಹಿಂದಿನ ವಾರ ವಿಚಾರಣೆಗೆ ಬಂತು. ಎರಡೂ ಊರಿಗೆ ನಡುವೆ ಇರುವುದೆಂದು ರೋಣದಲ್ಲಿ, ಒಂದು ಕಟ್ಟಡದ ಮಹಡಿಯ ಮೇಲೆ ಕುಳಿತೆವು. ಕೆಳಗೆ ರಸ್ತೆಯಲ್ಲಿ ಅಭಿಮಾನಿಗಳ ಗದ್ದಲ. ಗಜೇಂದ್ರಗಡದವರು ಬಾರಿಸುವ ಹಲಗೆ, ಗುಲಾಲು ಹಿಡಿದು ಬಂದಿದ್ದರೆ, ನರಗುಂದದವರು ಆ ವಿಡಿಯೋವನ್ನು ದಾರಿಹೋಕರಿಗೆಲ್ಲ ತೋರಿಸುತ್ತಿದ್ದರು.

ನರಗುಂದದ ತಂಡದವರು ಶಿವಾನಂದನನ್ನೇ ಸಾಕ್ಷಿಯಾಗಿ ಕರೆತಂದಿದ್ದರು. ಕಂಕುಳಲ್ಲಿ ಊರುಗೋಲು. ಹುಡುಗನ ಮುಖ ಅರ್ಧಕ್ಕೆ ಇಳಿದಿತ್ತು. ನಮ್ಮ ಅಧ್ಯಕ್ಷರಾಗಿದ್ದ ಹಿರಿಯ ವಕೀಲರು, "ಏನಾತು ಹೇಳಪಾ," ಎಂದರು.

"ಎರಿ ಮಣ್ಣಿನ ಮೈದಾನರಿ. ಬ್ಯಾಸಗ್ಯಾಗ ಬಿರುಕು ಬಿಟ್ಟಿರತೈತಿ. ನನ್ನ ಕಾಲು ಅದರಾಗ ಸಿಕ್ಕೊಂತ್ರಿ. ಹೊಳ್ಳಾಕ ಹೋದೆ, ಲಟಕ್ ಅಂತು. ಆಮ್ಯಾಲೆ ಅವ ಬಂದು ಮ್ಯಾಲೆ ಬಿದ್ದ."

ತಂಡದ ಮ್ಯಾನೇಜರ್ ಎದ್ದು ನಿಂತ. "ಶಿವ್ಯಾ, ಬರೋಬ್ಬರಿ ನೆನಪು ಮಾಡಿಕೊಂಡು ಹೇಳು."

"ಕಾಲು ನಂದೈತ್ರಿ. ಯಾವಾಗ ಮುರೀತು ಅಂತ ನನಗ ಗೊತ್ತಿರೂದಿಲ್ಲೇನ್ರಿ?"

ವಿಡಿಯೋವನ್ನು ಮತ್ತೆ ನಿಧಾನವಾಗಿ ಓಡಿಸಿ ನೋಡಿದೆವು. ಮಹಿಬೂಬ ಹತ್ತಿರ ಬರುವ ಮೊದಲೇ ಶಿವಾನಂದನ ಮೈ ಒಂದು ಬದಿಗೆ ಕುಸಿಯುತ್ತಿತ್ತು. ನಿಷೇಧ ರದ್ದಾಗಿದೆಯೆಂದು ಓದಿ ಹೇಳಿದವನು ನಾನೇ.

ಕೆಳಗೆ ಹಲಗೆ ಶುರುವಾಯಿತು. ಮಹಿಬೂಬನನ್ನು ಹೆಗಲ ಮೇಲೆ ಎತ್ತಿಕೊಂಡರು. ಗುಲಾಲಿನಲ್ಲಿ ಅವನ ಮುಖವೇ ಕಾಣುತ್ತಿರಲಿಲ್ಲ. "ಇಳಸ್ರೋ, ಒಂದ್ ನಿಮಿಷ ಇಳಸ್ರೋ," ಎಂದು ಅವನು ಮಹಡಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇತ್ತ ಶಿವಾನಂದನಿಗೆ ಹೆಗಲು ಕೊಡುವವರು ಒಬ್ಬರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೂತು, ತೆವಳಿಕೊಂಡು ಇಳಿಯುತ್ತಿದ್ದ. ಅವನ ಊರಿನವನೇ ಒಬ್ಬ ಕೆಳಗೆ ನಿಂತು, "ಬಾಲ್ ಹಿಡಿಯಾಕ ಬರಲಿಲ್ಲ, ರೊಕ್ಕ ಹಿಡಿಯಾಕ ಬಂತೇನಲೇ?" ಎಂದ. ಉಳಿದವರು ನಕ್ಕರು. ನಾನು ಅವನ ತೋಳು ಹಿಡಿದು ಕೆಳಗೆ ತರುವಷ್ಟರಲ್ಲಿ ಅವನನ್ನು ಕರೆತಂದ ಗಾಡಿ ಹೋಗಿಬಿಟ್ಟಿತ್ತು. ಬಸ್ಸಿಗೆ ಹತ್ತಿಸಿದೆ.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುತ್ತೇವೆ. ಮಾತು ಬಿಟ್ಟವರೂ ಅಂದು ಎದುರಾದರೆ ಬನ್ನಿ ಕೊಡದೆ ಹೋಗುವುದಿಲ್ಲ; ಮುಸ್ಲಿಂ ಗೆಳೆಯರೂ ಮನೆಗೆ ಬಂದು ಕೊಡುತ್ತಾರೆ. ಮನಸ್ಸು ತಡೆಯದೆ ಆ ಸಂಜೆ ನರಗುಂದಕ್ಕೆ ಹೋದೆ. ಓಣಿಯ ತುಂಬ ಜನ ಮನೆಯಿಂದ ಮನೆಗೆ ಹೋಗುತ್ತಿದ್ದರು. ಶಿವಾನಂದನ ಮನೆ ಬಂದಾಗ ಮಾತ್ರ ಎದುರು ಬದಿಗೆ ಸರಿದು ನಡೆಯುತ್ತಿದ್ದರು.

"ಹ್ವಾದ ವರ್ಷ ಚಪ್ಪಲಿ ಬಿಡಾಕ ಜಾಗ ಇರಲಿಲ್ರಿ ಸರ್," ಎಂದರು ಅವನ ತಾಯಿ ಗಂಗವ್ವ. ಬಾಗಿಲಲ್ಲಿ ನನ್ನ ಚಪ್ಪಲಿಯಷ್ಟೇ ಇತ್ತು.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಕರ್ಚೀಫಿನಲ್ಲಿ ಬನ್ನಿ ಕಟ್ಟಿಕೊಂಡು ಮಹಿಬೂಬ ಬಂದಿದ್ದ. ಗಂಗವ್ವ ಹೊಸ್ತಿಲಲ್ಲೇ ತಡೆದು ಮೆಲ್ಲಗೆ ಹೇಳಿದರು:

"ಒಳಗ ಬರಬ್ಯಾಡಪಾ. ನೀ ಬಂದಿದ್ದು ನೋಡಿದ್ರ, ರೊಕ್ಕ ಕೊಡಾಕ ಬಂದಾನ ಅಂತಾರ. ನನ್ನ ಮಗ ಇದ ಊರಾಗ ಬಾಳೇವು ಮಾಡಬೇಕು."

ಮಹಿಬೂಬ ಕರ್ಚೀಫನ್ನು ನನ್ನ ಕೈಗಿಟ್ಟು, ಆ ತಾಯಿಯ ಕಾಲು ಮುಟ್ಟಿ ಹೊರಟ. ಓಣಿ ದಾಟುವತನಕ ಬೈಕು ಚಾಲೂ ಮಾಡಲಿಲ್ಲ, ನೂಕಿಕೊಂಡೇ ಹೋದ.

ಮುಂದೆ ಅವನಿಗೆ ನೌಕರಿ ಸಿಕ್ಕಿತು, ದೂರದ ಊರಿನಲ್ಲಿದ್ದಾನೆ. ಶಿವಾನಂದನ ಕಾಲು ಮಡಚಲು ಬರಲೇ ಇಲ್ಲ. ಈಗ ಒಂದು ಅಡತಿ ಅಂಗಡಿಯಲ್ಲಿ ಕಾಳು ತೂಗಿಸುವ ಕೆಲಸ.

ಆ ಕೇಸಿನ ನಂತರ ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಹಾಕಿದೆ. ತನ್ನ ಕಡೆಯವರಿಗೆ ವಿರುದ್ಧವಾಗಿ ಖರೇ ಹೇಳಿದವನನ್ನು ಮೊದಲು ಮನೆ ಮುಟ್ಟಿಸುವುದು, ಆಮೇಲೆ ತೀರ್ಪು ಓದುವುದು. ಆದರೆ ನಾವು ಮುಟ್ಟಿಸಬಹುದಾದದ್ದು ಮನೆಯತನಕ ಅಷ್ಟೇ. ಓಣಿಯಲ್ಲಿ ಅವನಿಗಿದ್ದ ಜಾಗವನ್ನು ಮರಳಿ ಕೊಡಿಸುವ ಅಧಿಕಾರ ಯಾವ ಮಂಡಳಿಗೂ ಇಲ್ಲ.

ಅಂದು ಕರ್ಚೀಫನ್ನು ಒಳಗೆ ಒಯ್ದು ಕೊಟ್ಟಾಗ ಶಿವಾನಂದ ಅದನ್ನು ಬಿಚ್ಚಿ ಎಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬರುವವರಿಗೆ ಕೊಡಲೆಂದು ಬೆಳಿಗ್ಗೆಯೇ ತರಿಸಿಟ್ಟ ಬನ್ನಿ ನನಗೆ ಕೊಟ್ಟ ನಾಲ್ಕು ಎಲೆ ಬಿಟ್ಟರೆ ಹಾಸಿಗೆಯ ಪಕ್ಕದ ತಾಟಿನಲ್ಲಿ ಹಾಗೇ ಇತ್ತು. ಅದನ್ನು ನೋಡುತ್ತ ಅಂದ:

"ಅವ ಕೊಟ್ಟು ಹ್ವಾದ. ನಾ ಕೊಡೂದು ಉಳೀತಲ್ರಿ ಸರ್."