ಗೇಜಮ್ಮ ತಡೆದ ಲಾರಿ

ಆ ಲಾರಿ ಯಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿಲ್ಲ. ಎದುರಿಗೆ ಅಕ್ಕ, ಮರೆಯಲ್ಲಿ ಗೇಜಮ್ಮ. ಟೈರಿನ ಗಾಳಿ ಅಳೆಯುವ ಗೇಜು ಅವಳ ಕೈಯಲ್ಲಿಲ್ಲದಿದ್ದರೆ ಜೇಬಿನಲ್ಲಿರುತ್ತಿತ್ತು. ಅವಳು ಎಲ್ಲರಿಗೂ ಅಕ್ಕನಾದ ಮೇಲೆ ಅವಳ ಗಂಡ ಎಲ್ಲರಿಗೂ ಭಾವನಾಗಲೇಬೇಕಲ್ಲ. ಗೇಟಿನ ಕಾವಲುಗಾರ ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ದೊಡ್ಡವನು, ಅವನ ಬಾಯಲ್ಲೂ ಭಾವನೇ. ಈ ಭಾವ ಅದೇ ಯಾರ್ಡಿನಲ್ಲಿ ಒತ್ತಿ ಕಟ್ಟಿದ ಹತ್ತಿ ಬೇಲು ಸಾಗಿಸುವ ಹತ್ತು ಚಕ್ರದ ಲಾರಿಯ ಡ್ರೈವರು.

ಗಂಡಹೆಂಡಿರ ನಡುವೆ ಒಂದು ಕರಾರಿತ್ತು. ಮನೆ ಬೇರೆ, ಗೇಟು ಬೇರೆ. ಗೇಟಿನಲ್ಲಿ ಅವನು ಅವಳನ್ನು ಮೇಡಂ ಎನ್ನಬೇಕು, ಅವಳು ಅವನನ್ನು ಲಾರಿಯ ನಂಬರಿನಿಂದ ಕರೆಯಬೇಕು. “ನಲವತ್ತೊಂದು, ಸ್ವಲ್ಪ ಮುಂದಕ್ಕೆ ತಗೊಳ್ಳಿ” ಎಂದು ಅವಳು ಕೂಗಿದರೆ ಅವನು ಮುಖ ಸೊಟ್ಟ ಮಾಡದೆ “ಆಯ್ತು ಮೇಡಂ” ಅನ್ನುತ್ತಿದ್ದ. ನೋಡುವವರಿಗೆ ನಗು ಬಂದರೂ ಯಾರೂ ಅವಳ ಎದುರು ನಗುತ್ತಿರಲಿಲ್ಲ.

ಅವಳು ಈ ಕೆಲಸಕ್ಕೆ ಬಂದದ್ದೇ ಒಂದು ತಗಾದೆಯಿಂದ. ಮೊದಲು ಅವಳು ಯಾರ್ಡಿನ ಆಫೀಸಿನಲ್ಲಿ ಗುಮಾಸ್ತೆ. ಟೈರುಗಳ ಗಾಳಿಯ ಅಳತೆಯನ್ನು ಚೀಟಿಯಿಂದ ರಿಜಿಸ್ಟರಿಗೆ ಇಳಿಸಬೇಕು. ಮೂರು ತಿಂಗಳು ತಲೆ ತಗ್ಗಿಸಿ ಬರೆದಳು. ಆಮೇಲೆ ಒಂದು ದಿನ ಮ್ಯಾನೇಜರ ಮೇಜಿನ ಮೇಲೆ ರಿಜಿಸ್ಟರು ತೆರೆದಿಟ್ಟಳು.

“ಸಾರ್, ಇಡೀ ಯಾರ್ಡಿನ ಟೈರೆಲ್ಲಾ ದಿನಾ ನೂರಹತ್ತು ಪೌಂಡೇ ಇದೆ. ಹೆತ್ತ ಮಕ್ಕಳ ತೂಕ ಕೂಡ ದಿನಾ ಒಂದೇ ಇರಲ್ಲ. ಇದನ್ನ ಅಳೆದವರು ಯಾರು?”

ಅಳೆದವರು ಯಾರೂ ಇರಲಿಲ್ಲ. ಟೈರಿಗೆ ಒಂದು ಒದೆ ಕೊಟ್ಟು, ಗಟ್ಟಿಯಾಗಿದೆ ಅನ್ನಿಸಿದರೆ ಚೀಟಿ ಬರೆಯುತ್ತಿದ್ದರು. ಮ್ಯಾನೇಜರು ಮುಜುಗರ ಮುಚ್ಚಿಕೊಳ್ಳಲು “ಅಷ್ಟು ಕಾಳಜಿ ಇದ್ರೆ ನೀವೇ ಅಳೀರಿ” ಅಂದುಬಿಟ್ಟರು. ಅವರು ಅಂದದ್ದು ಬಾಯಿಮಾತಿಗೆ. ಮಾರನೆಯ ಬೆಳಿಗ್ಗೆ ನೋಡಿದರೆ ಅವಳು ತೋಳು ಮಡಚಿಕೊಂಡು ಲಾರಿಯ ಕೆಳಗೆ ಅರ್ಧ ನುಗ್ಗಿದ್ದಳು. ಅದಾಗಿ ಹದಿನೇಳು ವರ್ಷ.

ಅದೇ ವರ್ಷ ಯಾರ್ಡಿನ ಒಂದು ಲಾರಿ ಹೆದ್ದಾರಿಯಲ್ಲಿ ಸುಟ್ಟುಹೋಯಿತು. ಡ್ರೈವರು ಹೊರಗೆ ಹಾರಿ ಜೀವ ಉಳಿಸಿಕೊಂಡ. ಎಳೆದು ತಂದು ನಿಲ್ಲಿಸಿದ ಆ ಅಸ್ಥಿಪಂಜರದಲ್ಲಿ ಟೈರು ಇರಬೇಕಾದ ಕಡೆ ಅದರೊಳಗಿನ ಸಿಕ್ಕುಸಿಕ್ಕಾದ ತಂತಿ ಮಾತ್ರ ಉಳಿದಿತ್ತು. ಎಲ್ಲರೂ ಡೀಸೆಲ್ ಪೈಪು ಸೋರಿರಬೇಕೆಂದು ಹುಡುಕುತ್ತಿದ್ದಾಗ ಹಳೆಯ ಮೆಕ್ಯಾನಿಕ್ ಒಬ್ಬ ಅವಳಿಗೆ ಹಿಂದಿನ ಜೋಡಿ ಚಕ್ರ ತೋರಿಸಿ ವಿಷಯ ಬಿಡಿಸಿ ಹೇಳಿದ. ಜೋಡಿಯಲ್ಲಿ ಒಳಗಿನ ಟೈರು ಗಾಳಿ ಕಳೆದುಕೊಂಡರೂ ಹೊರಗಿನದು ಭಾರ ಹೊತ್ತು ಮಾನ ಕಾಪಾಡುತ್ತದೆ, ಆಚೆ ನಿಂತವರಿಗೆ ಏನೂ ತಿಳಿಯುವುದಿಲ್ಲ. ಗಾಳಿ ಸಾಲದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಮಡಚಿ ಮಡಚಿ ಒಳಗೊಳಗೇ ಕಾಯುತ್ತದೆ, ಕಾದು ಕಾದು ಒಂದು ಗಳಿಗೆಯಲ್ಲಿ ಹತ್ತಿಕೊಳ್ಳುತ್ತದೆ. ಅಂದಿನಿಂದ ಹೊಸ ಡ್ರೈವರು ಯಾರೇ ಬರಲಿ, ಅವಳು ಒಂದು ತುಂಡು ತಂತಿ ಕೊಟ್ಟು ಇಪ್ಪತ್ತು ಸಲ ಬಾಗಿಸಿ ತುಟಿಗೆ ಇಟ್ಟುಕೊಳ್ಳಲು ಹೇಳುತ್ತಿದ್ದಳು. ಚುರ್ ಅಂದ ಮೇಲೆ ಅವರಿಗೆ ಬೇರೆ ಪಾಠ ಬೇಕಾಗುತ್ತಿರಲಿಲ್ಲ.

ಬೇಕಾಗುತ್ತಿದ್ದವರೂ ಇದ್ದರು ಅನ್ನಿ. ಮಧ್ಯಾಹ್ನದ ಬಿಸಿಯಲ್ಲಿ ಗೇಜು ಹಚ್ಚಿ, ಗಾಳಿ ಜಾಸ್ತಿಯಾಗಿದೆ ಎಂದು ದಾರಿಯಲ್ಲೇ ಒಂದಿಷ್ಟು ಬಿಟ್ಟು ಬಂದವನು ಅವಳ ಬಾಯಿಗೆ ಸಿಕ್ಕರೆ ಕತೆ ಮುಗಿಯಿತು. “ಬಿಸಿಗೆ ಗಾಳಿ ಉಬ್ಬುತ್ತೆ ಕಣಪ್ಪಾ, ಹಾಲು ಉಕ್ಕಿದ ಹಾಗೆ. ಉಕ್ಕಿತು ಅಂತ ಅರ್ಧ ಹಾಲು ಚೆಲ್ಲಿಬಿಟ್ರೆ ಆರಿದ ಮೇಲೆ ಪಾತ್ರೇಲಿ ಏನಿರುತ್ತೆ? ನಿನ್ನ ತಲೆ!” ಬೈಸಿಕೊಂಡವನು ಹಲ್ಲು ಕಿರಿದುಕೊಂಡು ಹೋಗಿ ಭಾವನ ಹತ್ತಿರ ದೂರು ಹೇಳಿದರೆ ಭಾವ ಇನ್ನೆರಡು ಮಾತು ಸೇರಿಸಿ ಬೈಯುತ್ತಿದ್ದ. ಇಪ್ಪತ್ತೆಂಟು ವರ್ಷ ಸ್ಟೀರಿಂಗು ಹಿಡಿದವನು, ಅವನ ಕೈಯಲ್ಲಿ ಒಂದು ಟೈರೂ ಒಡೆದಿರಲಿಲ್ಲ.

ಅಚ್ಚುಕಟ್ಟಿನ ಮನುಷ್ಯ ಅವನು. ಬಟ್ಟೆ ಮಡಚಿದರೆ ಅಂಚಿಗೆ ಅಂಚು ಕೂಡಬೇಕು. ತರಕಾರಿ ಹೆಚ್ಚಿದರೆ ಹೋಳೆಲ್ಲ ಒಂದೇ ಅಳತೆ, ಹೆಂಡತಿ “ಇದೇನ್ರೀ, ಪರೀಕ್ಷೆಗೆ ಇಡ್ತೀರಾ?” ಎಂದು ಕೇಳುವಷ್ಟು. ಆದರೆ ರಜೆ ಬಂತೆಂದರೆ ಅವನು ಅರ್ಧ ಮನುಷ್ಯ. ಮನೆಯಲ್ಲಿ ಸುಮ್ಮನೆ ಬೀರು ತೆರೆಯುವುದು, ಮುಚ್ಚುವುದು, ಕಿಟಕಿಯಲ್ಲಿ ನಿಂತು ಬೀದಿಯ ಗಾಡಿಗಳ ಗೇರು ಬದಲಾಯಿಸುವ ಸದ್ದಿಗೆ ತಪ್ಪು ಹುಡುಕುವುದು. ಅವನಿಂದ ಲಾರಿ ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂಬ ಯೋಚನೆ ಅವಳಿಗೂ ಒಮ್ಮೊಮ್ಮೆ ಬಂದು ಹೋಗಿತ್ತು. ಮೂರು ತಿಂಗಳಿಂದ ಅವನು ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ. ಹಾಸಿಗೆ ತೀರಾ ಮೆತ್ತಗಾಯಿತು ಎನ್ನುತ್ತಿದ್ದ. ಟೈರಿನ ವಿಷಯದಲ್ಲಿ ಯಾರನ್ನೂ ನಂಬದ ಹೆಂಗಸು ಇದನ್ನು ನಂಬಿದಳು.

ಅಂದು ಬೆಳಿಗ್ಗೆ ಐದಕ್ಕೇ ಅವನು ಬೇಲು ತುಂಬಿದ ಲಾರಿ ಹೊರಡಿಸಬೇಕಿತ್ತು. ಅವಳು ಬರುವುದು ಆರಕ್ಕೆ. ಬೆಳಿಗ್ಗೆ ಬೇಗ ಹೋಗುವ ಗಾಡಿಗಳನ್ನು ಹಿಂದಿನ ಸಂಜೆಯೇ ಅಳೆದಿಡುವುದು ರೂಢಿ, ಅಳೆದೂ ಇಟ್ಟಿದ್ದಳು. ಆದರೆ ಮಂಜು ಕವಿದು ರಸ್ತೆಯೇ ಕಾಣದಂತಾಗಿ ಗಾಡಿಗಳೆಲ್ಲ ಗೇಟಿನೊಳಗೇ ಸಾಲುಗಟ್ಟಿ ನಿಂತವು. ಅವಳು ಬಂದಾಗ ಮಾಡಲು ಕೆಲಸವಿರಲಿಲ್ಲ. ಸುಮ್ಮನೆ ಕೂರುವ ಜಾತಕ ಅವಳದ್ದಲ್ಲ, ಹಿಂದಿನ ಸಂಜೆ ಅಳೆದದ್ದನ್ನೇ ಮತ್ತೆ ಅಳೆಯುತ್ತಾ ಬಂದಳು.

ನಲವತ್ತೊಂದರ ಮೊದಲ ಚಕ್ರ ಎಂಬತ್ತೈದು. ಸಂಜೆ ನೂರಹತ್ತಿತ್ತು. ಎರಡನೆಯದು ಎಂಬತ್ತೈದು. ಮೂರನೆಯದು ಎಂಬತ್ತಾರು. ಗೇಜು ಕೆಟ್ಟಿತೇನೋ ಎಂದು ಪಕ್ಕದ ಲಾರಿಗೆ ಹಚ್ಚಿ ನೋಡಿದಳು, ಸರಿಯಾಗಿತ್ತು. ಹತ್ತಕ್ಕೆ ಹತ್ತೂ ಅದೇ ಕತೆ. ಸೋರಿದ್ದರೆ ಒಂದು ಚಕ್ರ ಸೋರಬೇಕು, ಚಳಿಗೆ ಇಳಿದಿದ್ದರೆ ನಾಲ್ಕೈದು ಪೌಂಡು ಇಳಿಯಬೇಕು. ಇದು ಮನುಷ್ಯ ಕೈಯಾರೆ ಬಿಟ್ಟದ್ದು. ಅದೂ ಎಂಥ ಮನುಷ್ಯ! ಕಿಡಿಗೇಡಿಯಾಗಿದ್ದರೆ ಒಂದನ್ನು ಎಪ್ಪತ್ತಕ್ಕೆ, ಇನ್ನೊಂದನ್ನು ತೊಂಬತ್ತಕ್ಕೆ ಬಿಟ್ಟು ಓಡಿರುತ್ತಿದ್ದ. ಹತ್ತು ಚಕ್ರವನ್ನೂ ಇಷ್ಟು ಸಮನಾಗಿ ಇಳಿಸುವ ಕೈ ಆ ಯಾರ್ಡಿನಲ್ಲಿ ಒಂದೇ ಇತ್ತು.

ಕ್ಯಾಬಿನ್ನಿನ ಬಾಗಿಲು ಬಡಿದು, “ನಲವತ್ತೊಂದು, ಇಳೀರಿ” ಅಂದಳು.

ಅವನು ಇಳಿದ. ಎಷ್ಟೋ ವರ್ಷ ಧುಮುಕಿ ಇಳಿಯುತ್ತಿದ್ದವನು ಅಂದು ಕ್ಯಾಬಿನ್ನಿನ ಕಡೆ ಮುಖ ಮಾಡಿ, ಹಿಡಿ ಬಿಗಿಯಾಗಿ ಹಿಡಿದು, ಒಂದು ಕಾಲು ಇಟ್ಟು, ಉಸಿರು ಬಿಟ್ಟು, ಇನ್ನೊಂದು ಕಾಲು ಇಟ್ಟ. ಅವಳು ಅದನ್ನು ಕಣ್ಣಾರೆ ಕಂಡಳು. ಅಲ್ಲಿಗೆ ಅವಳಿಗೆ ಎಲ್ಲ ಗೊತ್ತಾಯಿತು. ಗೇಟಿನ ಕರಾರು ಮರೆತು ಮೆಲ್ಲಗೆ ಕೇಳಿದಳು.

“ಬೆನ್ನಾ?”

ಅವನು ಮಂಜಿನ ಕಡೆ ನೋಡಿದ. “ಟೈರು ಕಲ್ಲಿನ ಹಾಗಿದ್ರೆ ಒಂದೊಂದು ಗುಂಡಿಗೂ ಬೆನ್ನೊಳಗೆ ಚೂರಿ ಹಾಕಿದ ಹಾಗಾಗುತ್ತೆ ಕಣೇ. ಸ್ವಲ್ಪ ಗಾಳಿ ಬಿಟ್ರೆ ತಡ್ಕೋಬಹುದು.”

“ಎಷ್ಟು ದಿನದಿಂದ?”

“ಮೂರು ತಿಂಗಳು. ಗೇಟು ದಾಟಿ ಸ್ವಲ್ಪ ದೂರ ಹೋಗಿ ಬಿಡ್ತಿದ್ದೆ, ಬರುವಾಗ ತುಂಬಿಸ್ಕೊಂಡು ಬರ್ತಿದ್ದೆ. ಈಗೀಗ ರಸ್ತೆ ಬದಿ ಹತ್ತು ಸಲ ಕುಕ್ಕರಗಾಲಲ್ಲಿ ಕೂತು ಏಳೋಕೆ ಆಗ್ತಿಲ್ಲ. ಅದಕ್ಕೆ ನಿನ್ನೆ ಸಂಜೆ ಇಲ್ಲೇ, ನೀನು ಹೋದ ಮೇಲೆ, ಸ್ಟೂಲು ಹಾಕ್ಕೊಂಡು...”

ಮೂರು ತಿಂಗಳು. ಮೇಲೆ ಒಣ ಹತ್ತಿ, ಕೆಳಗೆ ಮೆತ್ತಗಿನ ಟೈರು, ನಡುವೆ ಈ ಮನುಷ್ಯ.

ಅಷ್ಟರಲ್ಲಿ ಮ್ಯಾನೇಜರು ಬಂದರು, ಕಾವಲುಗಾರ ಬಂದ, ನಾಲ್ಕೈದು ಡ್ರೈವರುಗಳೂ ಸೇರಿದರು. ಮ್ಯಾನೇಜರು ರಿಜಿಸ್ಟರು ನೋಡಿ ಕೈ ಬೀಸಿದರು. “ಯಾರೋ ಕಿತಾಪತಿ ಮಾಡಿದ್ದಾರೆ, ಆಮೇಲೆ ವಿಚಾರಿಸೋಣ. ಗಾಳಿ ತುಂಬಿ, ಮಂಜು ಕರಗ್ತಿದ್ದ ಹಾಗೆ ಹೊರಡಲಿ.”

ಗಾಳಿ ತುಂಬುವುದು ಅರ್ಧ ಗಂಟೆಯ ಕೆಲಸ. ತುಂಬಿದರೆ ಟೈರಿನ ತಪ್ಪು ಸರಿಹೋಗುತ್ತಿತ್ತು, ಯಾರ ಮಾನವೂ ಹೋಗುತ್ತಿರಲಿಲ್ಲ. ಗಂಡ ಅವಳ ಕಡೆ ನೋಡಿದ. “ಇನ್ನೊಂದ್ಸಲ ಬಿಡಲ್ಲ. ನಿನ್ನಾಣೆ” ಎಂದು ಅವಳಿಗೆ ಮಾತ್ರ ಕೇಳುವಂತೆ ಅಂದ. ಅವನ ಮಾತನ್ನು ಅವಳು ನಂಬಬಹುದಿತ್ತು. ಅವನ ಬೆನ್ನನ್ನು ನಂಬುವಂತಿರಲಿಲ್ಲ. ಎರಡು ಗಂಟೆ ಓಡಿಸಿದ ಮೇಲೆ, ನೋವು ನೆತ್ತಿಗೇರಿದಾಗ, ಮರದ ನೆರಳು ಕಂಡ ಕಡೆ ಲಾರಿ ನಿಲ್ಲಿಸಿ ಅವನು ಏನು ಮಾಡುತ್ತಾನೆ ಎನ್ನುವುದು ಅವಳಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಟೈರು ಬಿಸಿಯೂ ಆಗಿರುತ್ತದೆ.

“ಗಾಳಿ ತುಂಬಬಹುದು ಸಾರ್” ಅಂದಳು. “ಡ್ರೈವರನ್ನ ಬದಲಾಯಿಸಬೇಕು. ಇವರ ಕೈಲಿ ಈ ಗಾಡಿ ಓಡಿಸೋಕೆ ಆಗಲ್ಲ. ಡಾಕ್ಟರು ನೋಡೋವರೆಗೂ ನಾನು ಬಿಡಲ್ಲ.”

ಗಂಡ ಅವಳನ್ನು ಒಮ್ಮೆ ನೋಡಿದ. ಬೀಗದ ಕೈಯನ್ನು ಅವಳ ಕೈಗೆ ಕೊಡಲಿಲ್ಲ, ಲಾರಿಯ ಮೆಟ್ಟಿಲ ಮೇಲಿಟ್ಟು, “ಆಯ್ತು ಮೇಡಂ” ಎಂದು ಹೇಳಿ ಕ್ಯಾಂಟೀನಿನ ಬೆಂಚಿಗೆ ಹೋಗಿ ಈ ಕಡೆ ಬೆನ್ನು ಹಾಕಿ ಕೂತ. ಆ ಮೇಡಂ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಗಾಳಿಯ ಪೈಪು ಎಳೆದು ತಂದಳು. ಹತ್ತು ಚಕ್ರಕ್ಕೂ ತಾನೇ ಕೂತು ತುಂಬಿದಳು, ಸಹಾಯಕ್ಕೆ ಬಂದವರನ್ನು ಹತ್ತಿರ ಸೇರಿಸಲಿಲ್ಲ.

ಮಂಜು ಕರಗಿತು. ಗಡ್ಡದ ಡ್ರೈವರೊಬ್ಬ ನಲವತ್ತೊಂದನ್ನು ಹತ್ತಿ ಎಂಜಿನ್ ಚಾಲೂ ಮಾಡಿದ. ಆ ಸದ್ದು ಕೇಳಿದ ಮೇಲೆ ಬೆಂಚಿನ ಮೇಲೆ ಕೂತಿರಲು ಭಾವನಿಂದ ಆದೀತೇ? ಎದ್ದು ಬಂದ. “ಎರಡನೇ ಗೇರು ಮೆಲ್ಲಗೆ ಹಾಕಪ್ಪಾ, ಅದಕ್ಕೆ ಗದರಿಸಿದ್ರೆ ಆಗಲ್ಲ” ಎಂದು ಕೂಗಿ ಹೇಳಿದ. ಗಡ್ಡದವನು “ಸರಿ ಭಾವಾ” ಅಂದ. ಕಾವಲುಗಾರ ಗೇಟು ತೆರೆದ. ತನ್ನ ಲಾರಿ ಬೇರೆಯವರ ಕೈಯಲ್ಲಿ ಹೊರಗೆ ಹೋಗುವುದನ್ನು ಅವನು ಹೆಂಡತಿಯ ಪಕ್ಕದಲ್ಲಿ ನಿಂತು ನೋಡಿದ.

“ಹಿಂದಿನಿಂದ ನೋಡಿದ್ರೆ ಇಷ್ಟೊಂದು ವಾಲಾಡುತ್ತಾ?” ಎಂದು ಕೇಳಿದ.

“ಬೇಲು ಏರಿಸಿದ ಮೇಲೆ ವಾಲದೆ ಇರುತ್ತಾ?”

“ನಾನು ಹೋಗುವಾಗಲೂ?”

“ನೀವು ಹೋಗುವಾಗಲೂ.”

“ನೀನೆಲ್ಲಿ ನೋಡ್ತಿದ್ದೆ? ನಾನು ಕನ್ನಡೀಲಿ ನೋಡಿದಾಗೆಲ್ಲ ನೀನು ಆಗಲೇ ಇನ್ಯಾವುದೋ ಗಾಡಿ ಚಕ್ರದ ಹತ್ರ ಬಗ್ಗಿರ್ತಿದ್ದೆ.”

“ನೀವು ಕನ್ನಡಿ ನೋಡ್ತೀರಿ ಅಂತ ಗೊತ್ತಿತ್ತು, ಅದಕ್ಕೇ ಬಗ್ತಿದ್ದೆ” ಅಂದಳು. “ನೀವು ತಿರುವು ದಾಟಿದ ಮೇಲೆ ಎದ್ದು ನಿಲ್ತಿದ್ದೆ.”

“ತಿರುವು ದಾಟಿದ ಮೇಲೆ ಇಲ್ಲಿಂದ ಏನು ಕಾಣುತ್ತೆ?”

“ಏನೂ ಕಾಣಲ್ಲ. ಮರಗಳ ಮೇಲೆ ಹೊಗೆ ಎದ್ದಿಲ್ಲ ಅನ್ನೋದು ಕಾಣುತ್ತೆ. ಅಷ್ಟು ನೋಡ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ, ದಿನಾ.”

ಲಾರಿ ತಿರುವು ದಾಟಿ ಮರೆಯಾಯಿತು. ಅವನು ಬೆನ್ನು ನೋಯುತ್ತಿದ್ದರೂ ಬೆಂಚಿಗೆ ಹೋಗದೆ ಅವಳ ಪಕ್ಕದಲ್ಲೇ ನಿಂತು, ಆ ಮರಗಳ ಮೇಲಿನ ಆಕಾಶವನ್ನು ನೋಡತೊಡಗಿದ.