ಅಟ್ಟದ ಕೋಣೆಗೆ ನೀಲಿ ಬಳಿದ ಬೇಸಿಗೆ

ಆಗೆಲ್ಲ ನಮ್ಮೂರಿನ ಯಾರ ಮನೆಯಲ್ಲೂ ಬೆಡ್‌ರೂಮ್ ಅಂತ ಇರಲಿಲ್ಲ. ಮಲಗುವುದಕ್ಕೆ ಜಾಗ ಇತ್ತು, ಅಷ್ಟೆ. ಅಪ್ಪ ಜಗಲಿಯ ಮೇಲೆ, ಅಜ್ಜಿ ನಡುಮನೆಯಲ್ಲಿ, ಅವ್ವ ಎಂಟು ತಿಂಗಳ ನನ್ನ ತಮ್ಮ ಮಂಜುವನ್ನು ಮಗ್ಗುಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲ ಹತ್ತಿರ. ನನಗೂ ಗಿರಿಜತ್ತೆಗೂ ಸಿಕ್ಕಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆ. ತಿಪಟೂರು, ತುರುವೇಕೆರೆ ಕಡೆ ಹುಟ್ಟಿದವರಿಗೆ ಆ ಕೋಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ತಲೆಯ ಮೇಲೆ ದಪ್ಪ ತೊಲೆಗಳು, ತೊಲೆಯಿಂದ ತೊಲೆಗೆ ಒತ್ತೊತ್ತಾಗಿ ಹಾಸಿ ಹಗ್ಗದಲ್ಲಿ ಬಿಗಿದ, ಅಡಿಕೆ ಮರ ಸೀಳಿದ ದಬ್ಬೆಗಳು, ಅವುಗಳ ಮೇಲೆ ಸಿಪ್ಪೆ ಸಮೇತ ಸಾವಿರಾರು ತೆಂಗಿನಕಾಯಿ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನೊಳಗೆ ಗುಡುಗುಡು ಎನ್ನುವ ತನಕ, ಅಂದರೆ ಹೆಚ್ಚು ಕಡಿಮೆ ಒಂದು ವರ್ಷ, ಅವುಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಒಣ ಸಿಪ್ಪೆ, ಹೊಗೆ, ಹಳೇ ಎಣ್ಣೆ ಮೂರೂ ಕಲೆತ ಒಂದು ವಾಸನೆಯಲ್ಲಿ ನಾವಿಬ್ಬರೂ ನಿದ್ದೆ ಮಾಡುತ್ತಿದ್ದೆವು.

ಗಿರಿಜತ್ತೆ ಅಪ್ಪನ ಕೊನೆಯ ತಂಗಿ. ಆಗವಳಿಗೆ ಹತ್ತೊಂಬತ್ತು, ನನಗೆ ಒಂಬತ್ತು. ತುರುವೇಕೆರೆಯಲ್ಲಿ ಪಿಯುಸಿ ಮುಗಿಸಿ ಬಂದಿದ್ದಳು. ಟೀಚರ್ ಟ್ರೈನಿಂಗಿಗೆ ಸೇರಬೇಕೆಂಬುದು ಅವಳ ಆಸೆ. ಆಸೆ ಎಂದರೆ ಕಡಿಮೆಯಾಯಿತು, ಹಟ. ದನ ಕಟ್ಟಿ ಬರುವಾಗಲೂ ದಾರಿಯಲ್ಲಿ ಸಿಕ್ಕ ಹುಡುಗರನ್ನು ನಿಲ್ಲಿಸಿ ಮಗ್ಗಿ ಹೇಳಿಸುವಳು. ಅವಳು ಗೋಗರೆದೂ ಗೋಗರೆದೂ ಅಪ್ಪ ಕೊನೆಗೆ, "ಆಯ್ತು ಕಣವ್ವ, ಈ ಅಟ್ಟ ಇಳೀಲಿ, ಸೇರಿಸ್ತೀನಿ. ಆ ಕಾಯಿ ನಿಂದೇ ಅನ್ಕೋ" ಎಂದಿದ್ದ. ಅಂದಿನಿಂದ ಅತ್ತೆ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ದೇವರಿಗೆ ಕೈ ಮುಗಿಯುವ ಮೊದಲು ಅಟ್ಟದ ಕಡೆ ನೋಡುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳು ತಿಪಟೂರಿನ ಗೆಳತಿಯ ಮನೆಗೆ ಹೋಗಿ ಬಂದಳು. ಬಂದವಳೇ ನಮ್ಮ ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನೇ ಪುಟ್ಟಿ ಇದು? ಗೋಡೆಯಾ ಇಲ್ಲಾ ಒಲೆ ಹಿಂಭಾಗವಾ? ಅವ್ರ ಮನೇಲಿ ಬೆಡ್‌ರೂಮು ಅಂತ ಐತೆ ಕಣೇ. ಗೋಡೆಗೆ ಗುಲಾಬಿ ಬಣ್ಣ. ಸುತ್ತ ಕಟ್ಟು ಹಾಕಿದ ಪಟಗಳು. ನಾವೂ ಮಾಡಾಣ."

ಅಜ್ಜಿ ನಡುಮನೆಯಿಂದಲೇ ಕೂಗಿದಳು: "ಗ್ವಾಡೆಗೆ ಸಿಂಗಾರ ಮಾಡುದ್ರೆ ಅದು ಎದ್ದು ಬಂದು ನಿನ್ನ ಮದುವೆ ಆಗ್ತದೇನೇ?"

"ಆದ್ರೆ ಆಗ್ಲಿ ಬುಡವ್ವ. ಗ್ವಾಡೆ ಆದ್ರೆ ಎದುರು ಮಾತಾಡಲ್ಲ" ಎಂದಳು ಅತ್ತೆ. ಅಜ್ಜಿಗೂ ನಗು ತಡೆಯಲಾಗಲಿಲ್ಲ.

ಕೈಯಲ್ಲಿ ಕಾಸಿಲ್ಲ. ಅಡುಗೆಮನೆಯ ತೆಂಗಿನ ಚಿಪ್ಪುಗಳನ್ನೆಲ್ಲ ಕೂಡಿಟ್ಟು, ಸೈಕಲ್ಲಿನಲ್ಲಿ ಬರುವ ಇದ್ದಿಲಿನವನಿಗೆ ಮಾರಿ, ಬಂದ ಚಿಲ್ಲರೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನೂ ಒಂದಷ್ಟು ಮೈದಾವನ್ನೂ ತಂದೆವು. ಯುಗಾದಿಗೆ ಬಳಿದು ಉಳಿದಿದ್ದ ಸುಣ್ಣ ಹಿತ್ತಿಲಲ್ಲಿತ್ತು. ಕಾಯಿಸಿಪ್ಪೆಯ ತುದಿಯನ್ನು ಕಲ್ಲಿನ ಮೇಲೆ ಜಜ್ಜಿ ನಾರು ಬಿಡಿಸಿದರೆ ಅದೇ ಬ್ರಷ್ಷು. ಗುಲಾಬಿಗೆ ಗತಿಯಿಲ್ಲದೆ ನೀಲಿ ಆಯಿತು. ಮೊದಲ ಕೈ ಬಳಿದಾಗ ಶಾಯಿ ಕುಡಿಕೆ ಒಡೆದ ಹಾಗೆ ಕಂಡು ನನಗೆ ಅಳುವೇ ಬಂದಿತ್ತು. ಒಣಗುತ್ತಾ ಒಣಗುತ್ತಾ ತಿಳಿಯಾಗಿ, ಮೂರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಕೋಣೆ ನಮ್ಮದೇ ಅಲ್ಲವೇನೋ ಅನ್ನಿಸಿತು. ನಾನು ಗೋಡೆ ಮುಟ್ಟಿ ಮುಟ್ಟಿ ನೋಡಿ ಲಂಗವೆಲ್ಲ ನೀಲಿ ಮಾಡಿಕೊಂಡು ಅವ್ವನಿಂದ ಬೈಸಿಕೊಂಡೆ.

ಆಮೇಲೆ ಪಟಗಳು. ಕೊಬ್ಬರಿ ಮಂಡಿಯವರು, ಗೊಬ್ಬರದ ಅಂಗಡಿಯವರು ಕೊಟ್ಟ ಹಳೇ ಕ್ಯಾಲೆಂಡರುಗಳನ್ನು ಅಜ್ಜಿ ದೇವರ ಚಿತ್ರವಿದೆಯೆಂದು ಎಸೆಯದೆ ಸುರುಳಿ ಸುತ್ತಿ ಇಟ್ಟಿದ್ದಳು. ಮೈದಾ ಅಂಟು ಕುದಿಯುವಾಗ ಅದರ ವಾಸನೆಗೆ ಹಸಿವಾಗಿ ನಾನು ಬೆರಳದ್ದಿ ನೆಕ್ಕಿದ್ದೂ ಉಂಟು. ಅತ್ತೆಗೆ ಅಂಟಿಸಿದ್ದು ಸಾಲದು, ಗೆಳತಿಯ ಮನೆಯಲ್ಲಿದ್ದಂತೆ ಕಟ್ಟು ಬೇಕು. ತಿಪಟೂರಿನ ಕಟ್ಟಿನ ಅಂಗಡಿಯವನು ಒಂದು ಪಟಕ್ಕೆ ಕೇಳುವ ದುಡ್ಡಿನಲ್ಲಿ ನಮ್ಮ ಕೋಣೆಯನ್ನು ನಾಲ್ಕು ಸಲ ಬಳಿಯಬಹುದಿತ್ತು. ಆಗ ಅವಳ ಕಣ್ಣು ಅಟ್ಟದ ದಬ್ಬೆಗಳ ಮೇಲೆ ಬಿತ್ತು. ಚಪ್ಪಟೆಯಾಗಿ, ಹೊಗೆ ಕುಡಿದು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಸೀಳಿ ಕತ್ತರಿಸಿ ಮೊಳೆ ಹೊಡೆದರೆ ಚೆಂದದ ಕಟ್ಟು.

ಅಟ್ಟದ ಒಂದು ಮಗ್ಗುಲಿನ ಕಾಯಿ ಯುಗಾದಿಗೇ ಇಳಿದು ಖಾಲಿಯಾಗಿತ್ತು. ನಡುವಿನ ತೊಲೆಯಿಂದ ಆಚೆ ಅತ್ತೆಯ ಟ್ರೈನಿಂಗಿನ ಕಾಯಿಗಳು ಇನ್ನೂ ಹದಕ್ಕೆ ಬರುತ್ತಿದ್ದವು. ಅತ್ತೆ ಮರದ ಪೆಟ್ಟಿಗೆಯ ಮೇಲೆ ಸ್ಟೂಲು ಇಟ್ಟು ಹತ್ತಿ, ಖಾಲಿ ಕಡೆಯ ಹಗ್ಗ ಬಿಚ್ಚಿ ಮೂರು ದಬ್ಬೆ ಎಳೆದಳು. ಎಳೆದು ನನಗೆ ಬೆರಳು ತೋರಿಸಿ, "ಈ ತೊಲೆಯಿಂದ ಆಚೆ ಮಾತ್ರ ಕೈ ಹಾಕ್ಬ್ಯಾಡ ಕಣೇ ಪುಟ್ಟಿ. ಆ ಕಡೆ ಕಾಯಿ ಐತೆ" ಎಂದಳು.

ನಾಲ್ಕು ಪಟಕ್ಕೆ ಕಟ್ಟು ಆಯಿತು. ಐದನೆಯದು ನನ್ನದು: ಹಿಮದ ಬೆಟ್ಟ, ಅದರ ಬುಡದಲ್ಲಿ ಮರದ ಮನೆ, ಮನೆ ಮುಂದೆ ಕೆಂಪು ಹೂವು. ಅಷ್ಟರಲ್ಲಿ ಅಜ್ಜಿ ಬಂದು ತಲೆಯೆತ್ತಿ ನೋಡಿ, "ಇನ್ನೊಂದು ದಬ್ಬೆ ಮುಟ್ಟುದ್ರೆ ನಿಮ್ಮಣ್ಣಂಗೆ ಹೇಳ್ತೀನಿ ನೋಡು" ಎಂದು ಅತ್ತೆಯನ್ನು ಗದರಿದಳು. ನನ್ನ ಬೆಟ್ಟ ಬರೀ ಗೋಡೆಯ ಮೇಲೆ ಉಳಿಯಿತು.

ನನ್ನ ತಲೆ ಆಗ ಎಷ್ಟು ಚುರುಕಾಗಿ ಓಡಿತೆಂದು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಖಾಲಿ ಕಡೆ ತೆಗೆದರೆ ಸಂದು ಕಣ್ಣಿಗೆ ಬೀಳುತ್ತದೆ. ಕಾಯಿ ಇರುವ ಕಡೆ ತೆಗೆದರೆ ಮೇಲೆ ಕಾಯಿ ಮುಚ್ಚಿಕೊಂಡಿರುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ? ಅತ್ತೆ ತೋಟಕ್ಕೆ ಬುತ್ತಿ ಕೊಡಲು ಹೋದಾಗ ನಾನು ಅದೇ ಪೆಟ್ಟಿಗೆ, ಅದೇ ಸ್ಟೂಲು ಹತ್ತಿ ತೊಲೆಯ ಆಚೆ ಕಟ್ಟಿದ್ದ ಹಗ್ಗ ಬಿಚ್ಚಿದೆ. ಬಿಚ್ಚುವುದಕ್ಕೇ ಉಗುರು ಕಿತ್ತು ಬಂತು. ಜಗ್ಗಿ ಜಗ್ಗಿ ಅಂಚಿನ ಒಂದು ದಬ್ಬೆ ಎಳೆದೆ. ಮೇಲೆ ಕಾಯಿಗಳು ಗುಡುಗುಡು ಎಂದು ಜರುಗಿ ಸುಮ್ಮನಾದವು. ಒಂದೂ ಬೀಳಲಿಲ್ಲ. ಹಗ್ಗ ಮತ್ತೆ ಕಟ್ಟಲು ಬರಲಿಲ್ಲ, ಹಾಗೇ ಸಿಕ್ಕಿಸಿದೆ. ದಬ್ಬೆಯನ್ನು ಮುರಿದು ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟೆ. ಮೂರು ದಿನ ಏನೂ ಆಗಲಿಲ್ಲ. ನನ್ನಷ್ಟು ಜಾಣೆ ಊರಲ್ಲೇ ಇಲ್ಲ ಎಂದುಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಮಂಜುವಿನ ಸೀರೆ ಜೋಲಿ ಅದೇ ನಡುವಿನ ತೊಲೆಗೆ ಕಟ್ಟಿತ್ತು. ಅತ್ತೆ ಕಾಲ್ಬೆರಳಿಗೆ ಹಗ್ಗ ಸಿಕ್ಕಿಸಿ ಜೋಲಿ ತೂಗುತ್ತಾ, ತೊಡೆಯ ಮೇಲೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಇಟ್ಟುಕೊಂಡು ನಕ್ಷತ್ರ ಕತ್ತರಿಸುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದೆ. ಒಂದು ಕಾಯಿ ದಪ್ ಎಂದು ಅತ್ತೆಯ ಪಕ್ಕಕ್ಕೆ ಬಿತ್ತು. ಅವಳು ತಲೆಯೆತ್ತಿ ನೋಡಿದಳು.

"ಪುಟ್ಟಿ, ಹೊರಗೋಗು!"

ಅಷ್ಟೇ ನನಗೆ ಕೇಳಿಸಿದ್ದು. ಅಟ್ಟವೇ ಬಾಯಿ ಬಿಟ್ಟು ಕಕ್ಕಿದ ಹಾಗೆ ಕಾಯಿ, ದಬ್ಬೆ, ಒಂದು ವರ್ಷದ ಧೂಳು ಎಲ್ಲ ಒಟ್ಟಿಗೆ ಸುರಿಯಿತು. ಹೊಸ್ತಿಲು ದಾಟಿ ಕಾಯಿಗಳು ನನ್ನ ಕಾಲಿಗೆ ಬಂದು ಬಡಿದವು. ಧೂಳಿನಲ್ಲಿ ಕೋಣೆಯೂ ಕಾಣುತ್ತಿಲ್ಲ, ಜೋಲಿಯೂ ಕಾಣುತ್ತಿಲ್ಲ. ಮಗು ಅಳುತ್ತಿಲ್ಲ. ಮಂಜು ಸತ್ತುಹೋದ ಎಂದು ನನಗೆ ಖಾತ್ರಿಯಾಯಿತು. ಬಾಯಲ್ಲಿದ್ದ ಮಾವಿನಕಾಯಿಯನ್ನು ನುಂಗಲೂ ಇಲ್ಲ, ಉಗಿಯಲೂ ಇಲ್ಲ.

ಎಷ್ಟು ಹೊತ್ತೋ. ಆಮೇಲೆ ಅವನ ಅಳು ಕೇಳಿತು, ಸಿಟ್ಟಿನ ಅಳು. ಅತ್ತೆ ಜೋಲಿಯನ್ನು ತಬ್ಬಿ ಅದರ ಮೇಲೆ ಬಾಗಿ ನಿಂತಿದ್ದಳು. ಜೋಲಿಯ ಮೇಲೆ ಬೀಳಬೇಕಿದ್ದ ಕಾಯಿಯೆಲ್ಲ ಅವಳ ಬೆನ್ನ ಮೇಲೆ ಬಿದ್ದಿತ್ತು. ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು, ಎಡ ಹೆಗಲು ಜೋತು ಬಿದ್ದಿತ್ತು. ಮಗುವಿಗೆ ಒಂದು ತರಚು ಗಾಯವೂ ಇರಲಿಲ್ಲ.

ಅಪ್ಪ ತೋಟದಿಂದ ಓಡಿಬಂದ. ಮೊದಲು ಮಗುವನ್ನು ಎತ್ತಿ ಮೈಯೆಲ್ಲ ಸವರಿ ಅಜ್ಜಿಯ ಕೈಗೆ ಕೊಟ್ಟ. ಆಮೇಲೆ ತಲೆಯೆತ್ತಿದ. ತೊಲೆಯ ಎರಡೂ ಕಡೆ ಹಗ್ಗಗಳು ಬಿಚ್ಚಿ ನೇತಾಡುತ್ತಿದ್ದವು.

"ಹಗ್ಗ ಬಿಚ್ಚಿದ್ದು ಯಾರು?"

ಅತ್ತೆ ಹಗ್ಗಗಳನ್ನು ನೋಡಿದಳು. ನೋಡುತ್ತಲೇ ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳಿಗೆ ಗೊತ್ತಾಯಿತು, ಈಗ ನನ್ನ ಹೆಸರು ಹೇಳುತ್ತಾಳೆ ಎಂದು ಲಂಗದ ತುದಿ ಹಿಡಿದುಕೊಂಡೆ.

"ನಾನೇ ಅಣ್ಣ" ಎಂದಳು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ: "ಮನೇಲಿ ಒಂದು ಮಗೀನ ನೋಡ್ಕೊಳ್ಳಾಕೆ ಬರ್ದೋಳು, ಸ್ಕೂಲಲ್ಲಿ ನಲವತ್ತು ಮಕ್ಳನ್ನ ನೋಡ್ಕೊತೀಯಾ?"

ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅಷ್ಟು ನೋವಿನಲ್ಲೂ ಅತ್ತೆ ಬಲಗೈಯಿಂದ ನನ್ನನ್ನು ಹತ್ತಿರ ಎಳೆದುಕೊಂಡು, "ನೀ ಯಾಕಳ್ತೀಯೇ? ನಿಂದೇನೂ ತಪ್ಪಿಲ್ಲ ಬುಡು" ಎಂದಳು. ನನ್ನನ್ನು ಉಳಿಸಿದಳು ಎಂದುಕೊಂಡೆ. ಮಾರನೆಯ ದಿನ ಮೆದೆಯಲ್ಲಿದ್ದ ದಬ್ಬೆಯ ಚೂರುಗಳನ್ನು ಹಂಡೆ ಒಲೆಗೆ ಹಾಕಿ ಸುಟ್ಟೆ.

ಅರ್ಧ ಹದಕ್ಕೆ ಬಂದ ಕಾಯಿ ಹಾಗೆ ಬಿದ್ದರೆ ಒಳಗೆ ಬಿರುಕು ಬಿಡುತ್ತದೆ. ಇತ್ತ ಎಳನೀರೂ ಅಲ್ಲ, ಅತ್ತ ಕೊಬ್ಬರಿಯೂ ಅಲ್ಲ. ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೇರೆ ಹಾಕಿದ. ಹದಿನೈದು ದಿನದಲ್ಲಿ ಬಹುಪಾಲು ಕೊಳೆತು, ಮನೆಯೆಲ್ಲ ಗಬ್ಬು ನಾರಿತು. ಹೆಗಲಿಗೆ ಪಟ್ಟು ಹಾಕಿಸಿಕೊಂಡ ಅತ್ತೆ ಆ ನೀಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಟ್ರೈನಿಂಗಿನ ಮಾತನ್ನು ಅಪ್ಪನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅಂಥ ಹಟಮಾರಿ ಒಂದು ಸಲವೂ ಕೇಳಲಿಲ್ಲವಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಮಾರನೆಯ ವರ್ಷ ಹುಳಿಯಾರಿನ ಕಡೆ ಹಿಟ್ಟಿನ ಗಿರಣಿ ಇಟ್ಟವರಿಗೆ ಕೊಟ್ಟು ಮದುವೆಯಾಯಿತು. ಮಾವ ಒಳ್ಳೆಯವರು. ಅತ್ತೆ ಚೆನ್ನಾಗಿಯೇ ಇದ್ದಾಳೆ ಎಂದು ಎಲ್ಲರೂ ಹೇಳುತ್ತಿದ್ದೆವು.

ನಾನು ಮಾತ್ರ ಈ ಕಥೆಯನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ನನಗೋಸ್ಕರ ಓದನ್ನೇ ಬಿಟ್ಟ ಅತ್ತೆ! ಹಾಗೆ ನೆನೆದಾಗಲೆಲ್ಲ ಕಣ್ಣು ತುಂಬುತ್ತಿತ್ತು, ನಿಜ ಹೇಳಬೇಕೆಂದರೆ ಒಂದು ಬಗೆಯ ಸುಖವೂ ಆಗುತ್ತಿತ್ತು.

ಕಳೆದ ತಿಂಗಳು ಅತ್ತೆ ತಿಪಟೂರಿನ ನಮ್ಮ ಮನೆಗೆ ಬಂದಿದ್ದಳು. ನನ್ನ ಮಗಳು ತನ್ನ ಕೋಣೆಯ ಗೋಡೆ ತುಂಬ ಹಳೇ ಪುಸ್ತಕದ ಹಾಳೆ, ಬಣ್ಣದ ಕಾಗದದ ಹೂವು ಅಂಟಿಸುತ್ತಿದ್ದಳು. ಅವಳಿಗೂ ಕೊಟ್ಟ ಕಾಸು ಕಡಿಮೆಯೇ. "ಅಜ್ಜಿ, ಈ ಫೋಟೋ ಒಂಚೂರು ಮೇಲೆ ಹಿಡ್ಕೊಳ್ಳಿ" ಎಂದು ಅತ್ತೆಯನ್ನು ಕರೆದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಕಣವ್ವ. ಇಂಥದಕ್ಕೆ ನನ್ನ ಕೈ ಒಳ್ಳೇದಲ್ಲ. ನಿಮ್ಮ ಮಂಜು ಮಾಮನ್ನ ಇನ್ನೇನು ಸಾಯಿಸ್ಬಿಟ್ಟಿದ್ದೆ."

ನಾನು ನಕ್ಕುಬಿಟ್ಟೆ. ಇಷ್ಟು ವರ್ಷವಾದ ಮೇಲೂ ನನ್ನನ್ನು ಕಾಯುತ್ತಿದ್ದಾಳಲ್ಲ ಎಂದು ಪ್ರೀತಿ ಉಕ್ಕಿ, "ಸಾಕು ಬುಡತ್ತೆ, ಇನ್ನೂ ಎಷ್ಟು ದಿನ ನನ್ನ ತಪ್ಪು ನಿನ್ನ ಮೈಮೇಲೆ ಹಾಕ್ಕೊಂತೀಯ?" ಎಂದೆ.

"ನಿನ್ ತಪ್ಪಾ? ಯಾವ ತಪ್ಪು?"

ಅವಳ ಮುಖದಲ್ಲಿ ನಟನೆ ಇರಲಿಲ್ಲ. ತೊಲೆಯ ಆಚೆಯ ಹಗ್ಗ ಬಿಚ್ಚಿದ್ದು ನಾನು ಎಂದು ಮೂವತ್ತು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ. ಅತ್ತೆ ನನ್ನ ಮಗಳ ಮಂಚದ ಮೇಲೆ ಕುಸಿದು ಕೂತಳು. ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನ ತೊಲೆಯ ಎರಡೂ ಕಡೆ ಬಿಚ್ಚಿದ ಹಗ್ಗ ನೋಡಿ, ತಾನೇ ಕೈತಪ್ಪಿ ಕಾಯಿ ಇದ್ದ ಕಡೆಯದನ್ನೂ ಬಿಚ್ಚಿದೆನೆಂದು ನಂಬಿಬಿಟ್ಟಿದ್ದಳು. ಅಪ್ಪ ಅಂದ ಮಾತು ಸರಿಯೆಂದೇ ನಂಬಿದ್ದಳು. ಅದಕ್ಕೇ ಟ್ರೈನಿಂಗಿನ ಮಾತೆತ್ತಲಿಲ್ಲ. ನನ್ನ ಮಗಳು ಹುಟ್ಟಿದಾಗ ತೊಟ್ಟಿಲ ಹತ್ತಿರ ಬಂದು ನೋಡಿದಳೇ ಹೊರತು ಎತ್ತಿಕೊಂಡಿರಲಿಲ್ಲ. ಹೆಗಲು ನೋವಿರಬೇಕೆಂದು ನಾನು ದಿಂಬು ಕೊಟ್ಟಿದ್ದೆ.

ಈಗ ನಮ್ಮ ಕಡೆ ಅಟ್ಟಗಳೇ ಕಡಿಮೆ. ಕಾಯಿಗೆ ತೋಟದಲ್ಲೇ ಶೆಡ್ಡು, ಇಲ್ಲವೆಂದರೆ ಎಳನೀರಿಗೇ ಮಾರಿಬಿಡುತ್ತಾರೆ. ಊರಿನ ಮನೆ ಕೆಡವಿದಾಗ ಆ ನೀಲಿ ಗೋಡೆಯ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು ನಾನು ಬಹಳ ಕಳೆದುಕೊಂಡೆ ಎಂದು ಅತ್ತಿದ್ದೆ. ಕಳೆದುಕೊಂಡವಳು ಯಾರು ಎಂಬುದು ಮಂಚದ ಮೇಲೆ ಕೂತಿದ್ದವಳನ್ನು ನೋಡುವವರೆಗೂ ನನಗೆ ತಿಳಿದಿರಲಿಲ್ಲ.

ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದಳು:

"ಆಗ ನಿಂಗೆ ಎಷ್ಟು ವರ್ಸ?"

"ಒಂಬತ್ತು, ಅತ್ತೆ."

"ಒಂಬತ್ತು ವರ್ಸಕ್ಕೆ ಮಾತು ಬರ್ತಿತ್ತಲ್ವೇನೇ ನಿಂಗೆ?"