ಒಂಬತ್ತು ಗಂಟೆಯೊಳಗಿನ ಅಯಸ್ಕಾಂತಗಳು

ಬೆಳಗಿನ ಐದೂವರೆ. ಕಾಂದಿವಲಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ಗುಜರಿ ಕಾರ್ಖಾನೆಯ ವಾಚ್‌ಮನ್ ಗೇಟು ತೆರೆಯುವ ಮೊದಲೇ ಬಸಲಿಂಗವ್ವ ಅದರ ಮುಂದೆ ನಿಂತಿದ್ದಾರೆ. ಒಳಗೆ ಬಂದು ದೀಪ ಹಾಕುತ್ತಾರೆ, ಮೇಜು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸೀರೆಯ ಪಿನ್ನು ತೆಗೆದು ದೂರದ ಕಿಟಕಿಯಲ್ಲಿಡುತ್ತಾರೆ. ಈ ಮೇಜಿನ ಹತ್ತಿರ ಪಿನ್ನು ನಿಲ್ಲುವುದಿಲ್ಲ, ಹಾರಿ ಹೋಗಿ ಅಂಟಿಕೊಳ್ಳುತ್ತದೆ. ಕೊರಳಿನಲ್ಲಿರುವ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಮಾತ್ರ ಎದೆಯ ಮೇಲೆ ಹಾಗೆಯೇ ಇರುತ್ತದೆ. "ಲಿಂಗಪ್ಪನ್ನ ಯಾವ ಅಯಸ್ಕಾಂತನೂ ಎಳ್ಯಾಂಗಿಲ್ರಿ," ಎನ್ನುತ್ತಾರೆ.

ಬಸಲಿಂಗವ್ವನಿಗೆ ಐವತ್ತೆಂಟು ವರ್ಷ. ಊರು ಮುದ್ದೇಬಿಹಾಳದ ಕಡೆ. ಬ್ಯಾಂಕು, ಆಫೀಸುಗಳು ಬಿಸಾಡಿದ ಕಂಪ್ಯೂಟರಿನ ಡಿಸ್ಕುಗಳನ್ನು ಬಿಚ್ಚಿ, ಒಳಗಿನ ಎರಡು ಅಯಸ್ಕಾಂತಗಳನ್ನು ತೆಗೆಯುವುದು ಅವರ ಕೆಲಸ. ಹೆಬ್ಬೆರಳಿನಷ್ಟು ಅಗಲದ, ಬೆಳ್ಳಗೆ ಹೊಳೆಯುವ ತುಂಡುಗಳು. ಅವುಗಳಲ್ಲಿ ಇರುವುದು ಭೂಮಿಯಲ್ಲಿ ಸುಲಭಕ್ಕೆ ಸಿಗದ ಲೋಹ. ಬ್ಯಾಟರಿ ಸ್ಕೂಟರಿನ ಮೋಟರಿಗೂ ಗಾಳಿಯಂತ್ರಕ್ಕೂ ಅದೇ ಬೇಕು. ನಾವು ಅದನ್ನು ಹೊರದೇಶದಿಂದ ತರಿಸುತ್ತೇವೆ. ಅವರು ಬಾಗಿಲು ಎಳೆದುಕೊಂಡರೆ ಇಲ್ಲಿ ಕಾರ್ಖಾನೆ ನಿಲ್ಲುತ್ತದೆ. ಆದ್ದರಿಂದಲೇ ದಿಲ್ಲಿಯ ಸರ್ಕಾರ ಇಂಥ ಖನಿಜಗಳಿಗಾಗಿ ರಾಷ್ಟ್ರೀಯ ಅಭಿಯಾನ ಸಾರಿದೆ, ಹಳೆಯ ಸಾಮಾನಿನಿಂದ ಅವನ್ನು ಮರಳಿ ತೆಗೆಯಬೇಕೆಂದು ಹೇಳುತ್ತಿದೆ. ಬಸಲಿಂಗವ್ವ ಅದನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದಾರೆ.

ಕೆಲಸ ಕಲಿಸಿದವರು ಗಂಡ ಪರಪ್ಪ. ಒಂದಕ್ಕೊಂದು ಕಚ್ಚಿಕೊಂಡ ಅಯಸ್ಕಾಂತಗಳನ್ನು ಎಳೆಯಬಾರದು, ಪಕ್ಕಕ್ಕೆ ಸರಿಸಬೇಕು. ಎಳೆದರೆ ತಿರುಗಿ ಬಂದು ಬೆರಳು ಜಜ್ಜುತ್ತವೆ. ಬಸಲಿಂಗವ್ವನ ಎಡಗೈಯ ಎರಡು ಉಗುರು ಇಂದಿಗೂ ಕಪ್ಪು. ಕೊರೊನಾದ ಎರಡನೇ ಅಲೆಯಲ್ಲಿ ಪರಪ್ಪ ತೀರಿಕೊಂಡರು. "ಎಳೀಬ್ಯಾಡ, ಸರಸು ಅಂತಿದ್ರು. ಈಗೂ ಕಿವ್ಯಾಗ ಕೇಳ್ತೈತ್ರಿ." ಹೋದವರ ಮಾತನ್ನು ಹೀಗೆ ದಿನವೂ ಕೈಯಲ್ಲಿ ನಡೆಸುವುದೂ ಒಂದು ಪೂಜೆಯೇ.

ಕಳೆದ ವರ್ಷ ಮಾಲೀಕ ಸಂದೀಪ ಒಂದು ಶ್ರೆಡರ್ ತಂದರು. ಡಿಸ್ಕನ್ನು ಇಡಿಯಾಗಿ ಚೂರು ಮಾಡುವ ಯಂತ್ರ ಅದು. ತಮ್ಮ ಮಾಹಿತಿ ಯಾರ ಕೈಗೂ ಸಿಗಬಾರದೆಂದು ಆಫೀಸಿನವರಿಗೆ ಅದೇ ಬೇಕು. ಬಸಲಿಂಗವ್ವನಿಗೆ ನೆಲ ಒರೆಸುವ ಕೆಲಸ ಎಂದಾಯಿತು. ಅವರು ಒರೆಸುವ ಬಟ್ಟೆ ಹಿಡಿಯಲಿಲ್ಲ. ಯಂತ್ರದಿಂದ ಬಿದ್ದ ಚೂರನ್ನು ಒಂದು ತಟ್ಟೆಯಲ್ಲಿ ತುಂಬಿ ಸಂದೀಪರ ಮುಂದಿಟ್ಟರು. ಅಯಸ್ಕಾಂತ ಕರಿ ಪುಡಿಯಾಗಿ ಕಬ್ಬಿಣದ ಚೂರುಗಳಿಗೆ ಮೆತ್ತಿಕೊಂಡಿತ್ತು. "ಇದನ್ನ ಬಿಡಿಸಿ ಕೊಡ್ರಿ ಸೇಠ್, ನೆಲಾ ಒರಸ್ತೀನಿ ಅಂದೆ."

"ಹತ್ತು ಮಿನಿಟು ಕೂತೆ ಮಾರಾಯ್ರೆ, ಒಂದು ಚಮಚ ಪುಡಿ ಬರ್ಲಿಲ್ಲ," ಎಂದು ಸಂದೀಪ ನಗುತ್ತಾರೆ.

ಆದರೂ ಯಂತ್ರ ನಿಲ್ಲಲಿಲ್ಲ. ಸಂಜೆ ಗೇಟು ಮುಚ್ಚುವ ಹೊತ್ತಿಗೆ ಬಂದ ಡಿಸ್ಕು ಮರುದಿನ ಬೆಳಗ್ಗೆ ಒಂಬತ್ತಕ್ಕೆ, ಆಫೀಸಿನ ಮನುಷ್ಯನ ಕಣ್ಣೆದುರೇ ಚೂರಾಗಬೇಕೆಂಬುದು ಕರಾರು. ಡಿಸ್ಕಿನೊಳಗೆ ಮಾಹಿತಿ ಇರುವ ಹೊಳೆಯುವ ತಟ್ಟೆಗಳನ್ನು ಬಸಲಿಂಗವ್ವ ಮುಟ್ಟುವುದಿಲ್ಲ. ಹಾಗಾಗಿ ಒಂಬತ್ತರೊಳಗೆ ಅಯಸ್ಕಾಂತ ಬಿಚ್ಚಿಕೊಳ್ಳಲು ಆಫೀಸಿನವರೂ ಒಪ್ಪಿದ್ದಾರೆ. ಒಂಬತ್ತರೊಳಗೆ ಬಿಚ್ಚಿದ್ದು ಉಳಿಯುತ್ತದೆ, ಮಿಕ್ಕಿದ್ದು ಪುಡಿ. ದಿನಕ್ಕೆ ಬರುವುದು ಸುಮಾರು ಇನ್ನೂರು ಡಿಸ್ಕು. ಮೂರೂವರೆ ಗಂಟೆಯಲ್ಲಿ ಅವರ ಕೈ ಮುಗಿಸುವುದು ನೂರ ಅರವತ್ತು. ಮೂರು ಕಿಲೋ ಅಯಸ್ಕಾಂತ, ನಾಲ್ಕಾರು ಸ್ಕೂಟರಿಗೆ ಸಾಕು. ಆದರೆ ಮೇಜಿನ ಜಾಗದಲ್ಲಿ ಸಂದೀಪ ಎರಡನೆಯ ಯಂತ್ರ ಇಡಬೇಕೆಂದಿದ್ದಾರೆ. ದೀಪಾವಳಿಯೊಳಗೆ ದಿನದ ಡಿಸ್ಕುಗಳನ್ನು ಒಂದೂ ಉಳಿಯದಂತೆ ಬಿಚ್ಚಿ ತೋರಿಸಿದರೆ ಮೇಜು ಇರುತ್ತದೆ, ಇಲ್ಲವಾದರೆ ಇಲ್ಲ.

ಗಡಿಯಾರ ಎಂಟು ಐವತ್ತೆರಡು ತೋರಿಸುತ್ತದೆ. ಯಂತ್ರ ನಡೆಸುವ ಮುರಿಗೆಪ್ಪ ಕೂಗುತ್ತಾನೆ, "ಅವ್ವಾ, ಇನ್ನ ಎಂಟ ನಿಮಿಷ! ನನ್ನ ಮಿಷನ್ ಹಸದೈತಿ!"

"ಹಸೀಲಿ. ಹೊಟ್ಟಿ ಐತಿ, ಕಣ್ಣಿಲ್ಲ ಅದಕ್ಕ," ಎನ್ನುತ್ತಾರೆ ಬಸಲಿಂಗವ್ವ. ತಿರುಪು ಬಿಚ್ಚುವ ಕೈ ನಿಲ್ಲುವುದಿಲ್ಲ.

ಒಂಬತ್ತಾಗುತ್ತದೆ. ಡಿಸ್ಕು ಕಳಿಸಿದ ಆಫೀಸಿನ ಹುಡುಗಿ ಮೊಬೈಲಿನಲ್ಲಿ ಚಿತ್ರ ಹಿಡಿಯಲು ನಿಲ್ಲುತ್ತಾಳೆ. ಪೆಟ್ಟಿಗೆಯಲ್ಲಿ ಮೂವತ್ತೆಂಟು ಉಳಿದಿವೆ. ಮುರಿಗೆಪ್ಪ ಪೆಟ್ಟಿಗೆ ಎತ್ತಿಕೊಂಡು, ಬಸಲಿಂಗವ್ವನ ಕೈಯಲ್ಲಿದ್ದ ಅರೆ ಬಿಚ್ಚಿದ ಡಿಸ್ಕಿಗೂ ಕೈ ಚಾಚುತ್ತಾನೆ.

"ಕೈ ತೆಗಿ. ಇದು ಒಂಬತ್ತಕ್ಕಿಂತ ಮೊದಲಿಂದು."

ಹುಡುಗಿ, "ಆಂಟೀ, ಟೈಮ್ ಹೋ ಗಯಾ," ಎನ್ನುತ್ತಾಳೆ. ಬಸಲಿಂಗವ್ವ ತಲೆಯೆತ್ತುವುದಿಲ್ಲ. ಎರಡೂ ಅಯಸ್ಕಾಂತಗಳನ್ನು ಪಕ್ಕಕ್ಕೆ ಸರಿಸಿ ತೆಗೆದು, ಮತ್ತೆ ಕಚ್ಚಿಕೊಳ್ಳದಂತೆ ಮರದ ಚೂರಿನ ಆಚೀಚೆ ಇಡುತ್ತಾರೆ. ಆಮೇಲೆ ಖಾಲಿ ಡಿಸ್ಕನ್ನು ತಾವೇ ಒಯ್ದು ಯಂತ್ರದ ಬಾಯಿಗೆ ಹಾಕುತ್ತಾರೆ. ಮೂವತ್ತೆಂಟು ಪುಡಿಯಾಗುವ ಸದ್ದು ಮುಗಿಯುವ ತನಕ ಅಲ್ಲಿಯೇ ನಿಂತು ನೋಡುತ್ತಾರೆ.

ಅಷ್ಟರಲ್ಲಿ ಸಂದೀಪ ಬರುತ್ತಾರೆ. "ಮೌಶಿ, ಇವತ್ತೂ ಉಳೀತಲ್ಲ. ನಾನೆಂಥ ಮಾಡುದು?"

"ಗೇಟಿನ ಚಾವಿ ಕೊಡ್ರಿ."

"ಚಾವಿಯಾ? ಎಷ್ಟು ಗಂಟೆಗೆ ಬರ್ತೀರಿ?"

"ನಾಕೂವರಿಗೆ."

"ನಿದ್ದೆ ಯಾವಾಗ ಮಾಡುದು ನೀವು?"

"ಅದು ನನ್ನ ಹಣೇಬಾರ. ಮಿಷನ್ ನಿಮ್ಮದು, ಒಂಬತ್ತರ ತನಕ ಡಿಸ್ಕ್ ನನ್ನವು," ಎಂದು ಬಸಲಿಂಗವ್ವ ಕಿಟಕಿಯಿಂದ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು ಕೈ ಚಾಚುತ್ತಾರೆ. "ಚಾವಿ ಕೊಡ್ರಿ ಸೇಠ್. ನಾಳಿಂದ ಮುರಿಗೆಪ್ಪನ ಮಿಷನ್ನಿಗೆ ಬರೇ ತಗಡು ಉಣ್ಣಸ್ತೀನಿ."